ಅಖಂಡಕ್ಕೊಂದು ವಾಕ್ಯ

ಹೈಸ್ಕೂಲಿನಲ್ಲಿ ಕನ್ನಡ ಪಾಠ ಮಾಡುವವರಿಗೆ ಒಂದು ಅನುಕೂಲವಿದೆ. ಹೋದ ವರ್ಷ ಹೇಳಿದ್ದನ್ನೇ ಈ ವರ್ಷವೂ ಹೇಳಬಹುದು, ಯಾರೂ ಆಕ್ಷೇಪಣೆ ಮಾಡುವುದಿಲ್ಲ. ಮಾಲೂರಿನ ನಮ್ಮ ಶಾಲೆಯಲ್ಲಿ ಸಮಾನಾರ್ಥಕ ಪದಗಳ ಪಾಠವನ್ನು ನಾನು ಎಷ್ಟು ಸಲ ಮಾಡಿದ್ದೇನೋ ನನಗೇ ಗೊತ್ತಿಲ್ಲ. ಹಲಗೆಯ ಮೇಲೆ ‘ನಿಲ್ಲದೆ ನಡೆಯುವುದು’ ಎಂದು ಬರೆದು, ಅದರ ಕೆಳಗೆ ಸತತ, ನಿರಂತರ, ಅವಿರತ, ಸದಾ, ಶಾಶ್ವತ, ಅಖಂಡ ಎಂದು ಬರೆಯುತ್ತೇನೆ. ಮಕ್ಕಳು ಬರೆದುಕೊಳ್ಳುತ್ತಾರೆ. ಕರೆಂಟು ಇದ್ದರೆ ಫ್ಯಾನು ತಿರುಗುತ್ತಿರುತ್ತದೆ.

ಕಳೆದ ವರ್ಷ ಮುಂದಿನ ಬೆಂಚಿನ ಹುಡುಗಿಯೊಬ್ಬಳು ಪೆನ್ನು ಕೆಳಗಿಟ್ಟು ಕೇಳಿದಳು: “ಮಿಸ್, ಎಲ್ಲಾ ಒಂದೇ ಅಂದ್ಮೇಲೆ ಇಷ್ಟೊಂದು ಯಾಕ್ ಮಿಸ್? ಒಂದ್ ಸಾಕಾಗ್ತಿರ್ಲಿಲ್ವಾ?”

ಪರೀಕ್ಷೆಗೆ ಯಾವುದು ಬರೆದರೂ ಮಾರ್ಕ್ಸ್ ಬರುತ್ತೆ ಎಂದು ಹೇಳಿ ಮುಂದಕ್ಕೆ ಹೋಗಬಹುದಿತ್ತು. ಗಂಟೆ ಹೊಡೆಯಲು ಇನ್ನೂ ಹೊತ್ತಿತ್ತು, ಆದ್ದರಿಂದ ಹೇಳುತ್ತಾ ಕೂತೆ. ಸತತ ಎನ್ನುವುದರಲ್ಲಿ ಉಸಿರು ತೆಗೆದುಕೊಳ್ಳಲು ಜಾಗವಿದೆ. ಯಾರೋ ಸತತವಾಗಿ ಮೂರು ಚುನಾವಣೆ ಗೆದ್ದರು ಎಂದರೆ, ನಡುವಿನ ವರ್ಷಗಳಲ್ಲಿ ಅವರು ಮನೆಯಲ್ಲಿ ಮಲಗಿದ್ದರೂ ಆ ಪದಕ್ಕೆ ಅಡ್ಡಿಯಿಲ್ಲ. ನಿರಂತರ ಎಂದರೆ ನಡುವೆ ಸಂದು ಇರಬಾರದು. ಆ ಪದ ನಮ್ಮ ಕಣ್ಣಿಗೆ ಬೀಳುವುದು ಸುತ್ತೋಲೆಗಳಲ್ಲಿ, ಕಾಂಪೌಂಡಿನ ಗೋಡೆಬರಹಗಳಲ್ಲಿ. ಎಲ್ಲೂ ನಡೆಯದೆ ಇರುವುದಕ್ಕೆಲ್ಲ ನಿರಂತರ ಎಂದು ಹೆಸರಿಡುತ್ತಾರೆ ಎಂಬುದು ನನ್ನ ಅನುಭವ. ಅವಿರತವನ್ನು ಯಾರಾದರೂ ಬಾಯಲ್ಲಿ ಆಡಿದ್ದನ್ನು ನಾನು ಕೇಳಿಲ್ಲ. ಅದು ನಿವೃತ್ತರಾದವರಿಗೆ ಕೊಡುವ ಸನ್ಮಾನಪತ್ರದಲ್ಲಿ ಶಾಲು, ಹಾರ, ಹಣ್ಣಿನ ಬುಟ್ಟಿಯ ಜೊತೆಗೆ ಬರುತ್ತದೆ. ಶಾಶ್ವತದ ವಿಷಯವನ್ನು ಕೋಲಾರ ಜಿಲ್ಲೆಯವರಿಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಶಾಶ್ವತ ನೀರಾವರಿ ಬೇಕು ಎಂಬ ಬ್ಯಾನರನ್ನು ನಾನು ಲಂಗ ಹಾಕುವ ವಯಸ್ಸಿನಿಂದ ನೋಡುತ್ತಿದ್ದೇನೆ. ಆಗ ಬಟ್ಟೆಯ ಮೇಲೆ ಬಣ್ಣದಲ್ಲಿ ಬರೆಯುತ್ತಿದ್ದರು, ಈಗ ಫ್ಲೆಕ್ಸು.

ಮನೆಯೊಳಗೆ ಇವು ಯಾವುವೂ ನಡೆಯುವುದಿಲ್ಲ. ಮಗು ಒಂದೇ ಸಮನೆ ಅಳುತ್ತದೆ, ನಾಯಿ ಒಂದೇ ಸಮನೆ ಬೊಗಳುತ್ತದೆ, ಕೆಮ್ಮು ಬಿಟ್ಟೂ ಬಿಡದೆ ಬರುತ್ತದೆ. ಸುಖ ಒಂದೇ ಸಮನೆ ಬಂತು ಎಂದು ಯಾರೂ ಹೇಳಿದ್ದಿಲ್ಲ. ಸದಾ ಎಂಬುದು ಬೈಯುವಾಗಲೂ ಬರುತ್ತದೆ, ಹರಸುವಾಗಲೂ ಬರುತ್ತದೆ. ಸದಾ ಫೋನ್ ಹಿಡ್ಕೊಂಡಿರ್ತೀಯ ಎಂದು ಬೈದ ಬಾಯಲ್ಲೇ ಸದಾ ಚೆನ್ನಾಗಿರು ಎನ್ನುತ್ತಾರೆ. ಮಕ್ಕಳು ನಕ್ಕರು. ಆ ಹುಡುಗಿ ಮಾತ್ರ ನಗದೆ ಹಲಗೆಯ ಕೊನೆಯ ಪದವನ್ನು ತೋರಿಸಿ, “ಅಖಂಡಕ್ಕೆ ಒಂದು ವಾಕ್ಯ ಹೇಳಿ ಮಿಸ್” ಎಂದಳು.

ನನಗೆ ಹೊಳೆಯಲಿಲ್ಲ. ನೀನೇ ಬರಿ ಎಂದೆ. ಅವಳು ಬರೆದು ತಂದು ತೋರಿಸಿದಳು: ನಮ್ಮೂರಿನಲ್ಲಿ ಅಖಂಡ ಭಜನೆ ನಡೆಯಿತು. ಸರಿಯಾಗಿತ್ತು. ರೈಟ್ ಹಾಕಿ ಕೊಟ್ಟೆ.

ನನ್ನ ತವರು ಟೇಕಲ್ಲಿನ ಹತ್ತಿರದ ಒಂದು ಹಳ್ಳಿ. ಅಲ್ಲಿನ ರಾಮಮಂದಿರದಲ್ಲಿ ವರ್ಷಕ್ಕೊಂದು ಸಲ ಅಖಂಡ ಭಜನೆ ಇಡುತ್ತಾರೆ. ಒಂದು ದಿನದ ಸಂಜೆ ದೀಪ ಹಚ್ಚಿದಾಗ ಶುರುವಾದರೆ ಮಾರನೆಯ ಸಂಜೆ ದೀಪ ಹಚ್ಚುವ ತನಕ ನಾಮ ನಿಲ್ಲಬಾರದು. ಒಬ್ಬರು ತಾಳ ಹಿಡಿದು ಮುಂದೆ ಹೇಳುತ್ತಾರೆ, ಉಳಿದವರು ಹಿಂದೆ ಹೇಳುತ್ತಾರೆ. ಒಂದೇ ಊರಿನವರ ಗಂಟಲಿಗೆ ಇದು ಆಗುವ ಕೆಲಸವಲ್ಲ, ಆದ್ದರಿಂದ ಸುತ್ತಲ ಊರುಗಳ ಭಜನೆಯವರು ಪಾಳಿ ಹಂಚಿಕೊಂಡು ಬರುತ್ತಾರೆ. ಲಕ್ಕೂರಿನ ಕಡೆಯವರು ಒಂದು ಪಾಳಿ, ಮುಳಬಾಗಿಲಿನ ಕಡೆಯವರು ಒಂದು ಪಾಳಿ. ಮುಳಬಾಗಿಲಿನವರು ಬಂದರೆ ನಾಮ ಅರ್ಧ ತೆಲುಗಿಗೆ ತಿರುಗುತ್ತದೆ. ಅದಕ್ಕೆ ಯಾರೂ ಬೇಡ ಎನ್ನುವುದಿಲ್ಲ, ನಮ್ಮ ಮನೆಗಳಲ್ಲೂ ಮಾತು ಹಾಗೆಯೇ.

ಪಾಳಿ ಬದಲಾಗುವಾಗ ನೋಡಬೇಕು. ಹೊಸಬರು ಕಾಲು ತೊಳೆದುಕೊಂಡು ಬಂದು ಹಳಬರ ಪಕ್ಕದಲ್ಲಿ ಕೂತು, ಅವರ ಜೊತೆಯಲ್ಲೇ ಹೇಳಲು ಶುರುಮಾಡುತ್ತಾರೆ. ಎರಡು ದನಿ ಒಂದಾದ ಮೇಲೆ ಕೈ ಚಾಚುತ್ತಾರೆ. ತಾಳ ತಟ್ಟುತ್ತಿರುವಂತೆಯೇ ಒಂದು ಕೈಯಿಂದ ಇನ್ನೊಂದು ಕೈಗೆ ಹೋಗಬೇಕು. ಒಂದು ಪೆಟ್ಟು ತಪ್ಪಿದರೂ ಖಂಡವಾಯಿತು ಎಂದು ಮೂಲೆಯಲ್ಲಿ ಕೂತ ಮುದುಕರು ಮುಖ ಗಂಟು ಹಾಕುತ್ತಾರೆ. ಅಪ್ಪ ಈ ಕೈಬದಲಿಯನ್ನು ನನಗೆ ಅಡುಗೆಮನೆಯಲ್ಲಿ ಕಲಿಸಿದ್ದರು, ಎರಡು ಸ್ಟೀಲ್ ತಟ್ಟೆ ಹಿಡಿದುಕೊಂಡು. ಅಮ್ಮ, “ತಟ್ಟೆ ಸೊಟ್ಟ ಮಾಡ್ಬೇಡ್ರಪ್ಪ, ಅದ್ರಲ್ಲಿ ಉಣ್ಬೇಕು” ಎಂದು ಗದರುತ್ತಿದ್ದಳು.

ಇನ್ನೊಂದು ವಿಷಯವನ್ನೂ ಇಲ್ಲೇ ಹೇಳಬೇಕು, ಇಲ್ಲದಿದ್ದರೆ ಮುಂದಿನದು ಅರ್ಥವಾಗುವುದಿಲ್ಲ. ನಮ್ಮ ಕಡೆ ಸಾವಿನ ಸೂತಕ ಮುಟ್ಟುವುದು ಸಾವು ಆದಾಗಲ್ಲ, ಕೇಳಿದಾಗ. ದೂರದಲ್ಲಿರುವ ಮಗನಿಗೆ ಅಪ್ಪ ಹೋದ ಸುದ್ದಿ ತಲುಪುವ ತನಕ ಅವನು ಶುದ್ಧ. ದೇವರ ಮನೆಗೆ ಹೋಗಬಹುದು, ಹಬ್ಬ ಮಾಡಬಹುದು. ಹಾಗಾಗಿ ಶುಭಕಾರ್ಯದ ನಡುವೆ ಸಾವು ಬಂದರೆ ಹೇಳದೆ ಇರುವುದೇ ದೊಡ್ಡ ಉಪಕಾರ. ಮದುಮಗಳ ತಮ್ಮನ ಫೋನು ಕಿತ್ತುಕೊಂಡು ಧಾರೆ ಮುಗಿಯುವ ತನಕ ಅಕ್ಕಿಯ ಡಬ್ಬದಲ್ಲಿ ಹುಗಿದಿಟ್ಟ ನೆಂಟರು ನಮ್ಮಲ್ಲೇ ಇದ್ದಾರೆ. ಎಲ್ಲರಿಗೂ ಗೊತ್ತಿರುತ್ತದೆ, ಯಾರೂ ಹೇಳಿರುವುದಿಲ್ಲ. ಹೇಳದ ತನಕ ಏನೂ ಆಗಿಲ್ಲ.

ಕೆಲವು ವರ್ಷಗಳ ಹಿಂದಿನ ಮಾತು. ಅಮ್ಮನಿಗೆ ಶ್ವಾಸಕೋಶದ ಕಾಯಿಲೆ ಬಲಿತಿತ್ತು. ಕೋಲಾರದ ಆಸ್ಪತ್ರೆಯಲ್ಲಿ ಇಟ್ಟುಕೊಂಡು, ಆಮೇಲೆ ಮನೆಗೆ ಕರೆದುಕೊಂಡು ಹೋಗಿ ಎಂದು ಕಳಿಸಿದ್ದರು. ಆ ಮಾತಿನ ಅರ್ಥ ಎಲ್ಲರಿಗೂ ಗೊತ್ತು. ಗಾಳಿ ಕೊಡುವ ಒಂದು ಯಂತ್ರವನ್ನು ಬಾಡಿಗೆಗೆ ತಂದು ನಡುಮನೆಯಲ್ಲಿ ಅವಳ ಮಂಚದ ಪಕ್ಕ ಇಟ್ಟಿದ್ದೆವು. ಅದು ಹಗಲೂ ರಾತ್ರಿ ಗುಂಯ್ ಎನ್ನುತ್ತಿತ್ತು. ಶ್ರೀನಿವಾಸಪುರದಿಂದ ಅಮ್ಮನ ತಂಗಿ, ನನ್ನ ಚಿಕ್ಕಮ್ಮ, ಬಂದು ಉಳಿದುಕೊಂಡಿದ್ದಳು. ನಾನು ರಜೆ ಹಾಕಿ ಬಂದಿದ್ದೆ.

ಆ ವರ್ಷ ಅಖಂಡಕ್ಕೆ ಕೂರುವುದಿಲ್ಲ ಎಂದು ಅಪ್ಪ ಹೇಳಿದ್ದರು. ಅಮ್ಮ ಬಿಡಲಿಲ್ಲ. “ನಾನೇನ್ ಓಡೋಗ್ತೀನಾ? ಇಲ್ಲೇ ಕೂತ್ಕೊಂಡು ನನ್ ಮುಖ ನೋಡಿದ್ರೆ ನಂಗೂ ಬೇಜಾರು, ನಿಂಗೂ ಬೇಜಾರು. ಹೋಗು. ಮೈಕಲ್ಲಿ ಕೇಳಿಸ್ತದೆ” ಎಂದಳು. ಅಷ್ಟು ಹೇಳಲು ಅವಳಿಗೆ ಬಹಳ ಹೊತ್ತು ಹಿಡಿಯಿತು. ಮಂದಿರ ನಮ್ಮ ಮನೆಯಿಂದ ಮೂರು ಮನೆ ಆಚೆಗೆ. ಮಂದಿರದ ಮುಂದಿನ ಬೇವಿನ ಮರಕ್ಕೆ ಕಟ್ಟಿದ ಮೈಕಿನ ಕಹಳೆಯಿಂದ ಹೊರಡುವ ನಾಮ ನಮ್ಮ ನಡುಮನೆಯಲ್ಲಿ ಪಾತ್ರೆಗಳನ್ನೂ ಅದುರಿಸುತ್ತಿತ್ತು.

ಮಾರನೆಯ ಮಧ್ಯಾಹ್ನದ ಪಾಳಿ ನಮ್ಮೂರಿನವರದು. ಅಪ್ಪ ಊಟದ ಹೊತ್ತಿಗೆ ತಾಳ ಹಿಡಿದರು. ಅವರ ನಂತರ ಬರಬೇಕಾದವರು ಮುಳಬಾಗಿಲಿನವರು. ಕೊನೆಯ ಪಾಳಿ ಅವರದು. ಅವರ ಟೆಂಪೋ ಹೈವೇಯಲ್ಲಿ ಕೆಟ್ಟು ನಿಂತಿದೆ ಎಂದು ಫೋನು ಬಂತು. ಬೆಳಗಿನ ಪಾಳಿ ಮುಗಿಸಿದ್ದ ಲಕ್ಕೂರಿನವರು ಆಗಲೇ ಫ್ಯಾಕ್ಟರಿಯ ಪಾಳಿಗೆ ಹೊರಟುಹೋಗಿದ್ದರು. ಊರಿನಲ್ಲಿ ಮುಂದೆ ಹೇಳಬಲ್ಲ ಇನ್ನೊಬ್ಬರಿಗೆ ಗಂಟಲು ಕಟ್ಟಿ ದನಿಯೇ ಇರಲಿಲ್ಲ. ಹಿಂದೆ ಹೇಳುವವರು ಇದ್ದರು, ಹಾರ್ಮೋನಿಯಂ ಇತ್ತು, ಡೋಲಕ್ಕು ಇತ್ತು. ಮುಂದೆ ಹೇಳಲು ಅಪ್ಪ ಒಬ್ಬರೇ.

ಆ ಹೊತ್ತಿನಲ್ಲೇ ಅಮ್ಮನ ಉಸಿರು ಬೇರೆಯಾಯಿತು. ಬೇರೆ ಎಂದರೆ ಹೇಗೆ ಎಂದು ಹೇಳಲಾರೆ, ಆದರೆ ಕೋಣೆಯಲ್ಲಿದ್ದ ನಮ್ಮಿಬ್ಬರಿಗೂ ತಿಳಿಯಿತು. ಅವಳು ಕಣ್ಣು ಬಿಟ್ಟುಕೊಂಡಿದ್ದಳು. ಚಿಕ್ಕಮ್ಮ ನನ್ನ ರಟ್ಟೆ ಹಿಡಿದು ಬಾಗಿಲ ಕಡೆ ತಳ್ಳಿದಳು. “ಓಡೇ, ನಿಮ್ಮಪ್ಪನ್ನ ಕರ್ಕೊಂಬಾ. ಈಗ್ಲೇ ಬರ್ಬೇಕು ಅನ್ನು.”

ನಾನು ಓಡಿದೆ. ಮಂದಿರದ ಬಾಗಿಲಲ್ಲಿ ನಿಂತಾಗ ಅಪ್ಪ ನೋಡಿದರು. ಬಾಯಿ ನಾಮ ಹೇಳುತ್ತಿತ್ತು, ಕೈ ತಾಳ ತಟ್ಟುತ್ತಿತ್ತು, ಕಣ್ಣು ಏನು ಎಂದು ಕೇಳಿತು. ನಾನು ಮನೆಯ ಕಡೆ ಕೈ ಮಾಡಿದೆ. ಅವರಿಗೆ ಅರ್ಥವಾಯಿತು. ರಸ್ತೆಯ ಕಡೆ ನೋಡಿದರು. ಅಲ್ಲಿ ಯಾವ ಟೆಂಪೋವೂ ಇರಲಿಲ್ಲ. ಮತ್ತೆ ನನ್ನ ಕಡೆ ನೋಡಿದರು. ಅವರ ಕಣ್ಣಿನಿಂದ ನೀರು ಇಳಿಯುತ್ತಿತ್ತು, ಆದರೂ ದನಿ ಸ್ವಲ್ಪವೂ ಅಲುಗಲಿಲ್ಲ. ಹಿಂದೆ ಹೇಳುವವರೆಲ್ಲ ಅವರನ್ನೇ ನೋಡುತ್ತಾ ಹೇಳುತ್ತಿದ್ದರು. ಯಾರೂ ಸಾಕು ಎಂದು ಹೇಳಲಿಲ್ಲ. ಹೇಳುವ ಹಾಗೂ ಇರಲಿಲ್ಲ, ಅಲ್ಲಿ ಬಾಯಿದ್ದವರೆಲ್ಲರ ಬಾಯಲ್ಲೂ ನಾಮವೇ ಇತ್ತು.

ನಾನು ನಲ್ಲಿಯಲ್ಲಿ ಕಾಲು ತೊಳೆದೆ. ಒಳಗೆ ಹೋಗಿ ಅಪ್ಪನ ಪಕ್ಕದಲ್ಲಿ ಕೂತೆ. ನಮ್ಮೂರಿನಲ್ಲಿ ಹೆಂಗಸರು ಹಿಂದೆ ಹೇಳುತ್ತಾರೆ, ಮುಂದೆ ಕೂತದ್ದಿಲ್ಲ. ನಾನು ಮದುವೆಯಾದ ಮೇಲೆ ತಾಳ ಮುಟ್ಟಿಯೂ ಇರಲಿಲ್ಲ. ಅವರ ಜೊತೆ ಹೇಳಲು ಶುರುಮಾಡಿದೆ. ಕೈ ಚಾಚಿದೆ. ಅಪ್ಪ ಒಂದು ಕ್ಷಣ ಅನುಮಾನಿಸಿ, ಆಮೇಲೆ ತಾಳ ದಾಟಿಸಿದರು. ಒಂದು ಪೆಟ್ಟೂ ತಪ್ಪಲಿಲ್ಲ. ಅವರು ಎದ್ದು ಮೆಟ್ಟಿಲಿಳಿದು ಅಲ್ಲಿ ಸಿಕ್ಕ ಚಪ್ಪಲಿಗೆ ಕಾಲು ತೂರಿಸಿಕೊಂಡು ಹೋದರು. ಒಳ್ಳೆಯ ಕೆಲಸ ಮಾಡಿದೆ ಎಂದು ನನಗೆ ನಿಜವಾಗಿಯೂ ಅನ್ನಿಸಿತು. ಗಂಡ ಹೆಂಡತಿಯನ್ನು ನೋಡಬೇಕು. ಟೆಂಪೋ ಬಂದ ಕೂಡಲೇ ನಾನೂ ಓಡಿಹೋಗಬಹುದು.

ಟೆಂಪೋ ಬರಲಿಲ್ಲ.

ಎಷ್ಟು ಹೊತ್ತು ಹೇಳಿದೆನೋ ನನಗೆ ಗೊತ್ತಿಲ್ಲ. ಮೊದಮೊದಲು ಪ್ರತಿ ಸಾಲಿಗೂ ಮನೆಯ ಕಡೆ ಕಿವಿ ಕೊಡುತ್ತಿದ್ದೆ. ಆಮೇಲೆ ನಾಮ ನನ್ನ ಬಾಯಿಂದ ಬರುತ್ತಿದೆ ಎಂಬುದೂ ಮರೆತುಹೋಯಿತು. ಗೋಡೆಯ ಮೇಲೆ ಹೋದ ವರ್ಷದ ಕ್ಯಾಲೆಂಡರು ಇತ್ತು, ಅದನ್ನು ನೋಡುತ್ತಿದ್ದೆ. ಆಗ ಇದ್ದಕ್ಕಿದ್ದಂತೆ ಕಹಳೆಯ ಸದ್ದು ಜೋರಾಯಿತು. ಕೀಂಯ್ ಎಂದು ಕಿರುಚಿ ನನ್ನ ದನಿಯೇ ಎರಡು ಪಟ್ಟಾಗಿ ನನ್ನ ಕಿವಿಗೆ ಅಪ್ಪಳಿಸಿತು. ಹಾರ್ಮೋನಿಯಂನವರು ಬೆಚ್ಚಿ ಹೊರಗೆ ನೋಡಿದರು. ಹೊರಗೆ ಜಗುಲಿಯ ಮೇಲೆ ಆಂಪ್ಲಿಫೈಯರಿನ ಮುಂದೆ ಮೈಕ್‌ಸೆಟ್ಟಿನ ಸಾಹೇಬರು ಕೂತಿದ್ದರು. ಟೇಕಲ್ಲಿನವರು; ನಮ್ಮೂರಿನ ಯಾವ ಕಾರ್ಯಕ್ಕೂ ಮೈಕು ಅವರದೇ, ಅವರ ತಂದೆಯ ಕಾಲದಿಂದಲೂ. ಅವರು ತಲೆ ಎತ್ತಲಿಲ್ಲ. ಗುಂಡಿಯ ಮೇಲೆ ಬೆರಳಿಟ್ಟುಕೊಂಡು ಹಾಗೆಯೇ ಕೂತಿದ್ದರು.

ನನಗೆ ತಿಳಿದದ್ದು ಆಗಲೇ. ನಮ್ಮ ಮನೆಯಿಂದ ಬಂದ ಏನನ್ನೋ ಅವರು ಆ ಸದ್ದಿನಿಂದ ಮುಚ್ಚಿದ್ದರು. ಆಮೇಲೆ ಎಷ್ಟೋ ದಿನಗಳ ನಂತರ ಬಸ್ ಸ್ಟ್ಯಾಂಡಿನಲ್ಲಿ ಸಿಕ್ಕಾಗ ಅವರೇ ಹೇಳಿದರು: “ಕ್ಯಾ ಕರ್ನಾ ಮೇಡಂ, ಏನ್ ಮಾಡೋದು. ನಿಮ್ ಚಿಕ್ಕಮ್ಮ ಒಂದ್ಸಲ ಕೂಗಿದ್ರು. ನಿಮ್ ಕಿವಿಗೆ ಬೀಳಬಾರ್ದು ಅಂತ ವಾಲ್ಯೂಮ್ ಎತ್ಬಿಟ್ಟೆ. ತಪ್ ತಿಳ್ಕೋಬೇಡಿ.” ನಾನು ತಪ್ಪು ತಿಳಿದುಕೊಂಡಿರಲಿಲ್ಲ. ಸರಿ ಎಂದೂ ತಿಳಿದುಕೊಂಡಿರಲಿಲ್ಲ.

ಮೈಕು ಕಿರುಚಿದ ಸ್ವಲ್ಪ ಹೊತ್ತಿನ ಮೇಲೆ ಅಪ್ಪ ಬಂದು ಬೇವಿನ ಮರದ ಕೆಳಗೆ ನಿಂತರು. ಮೆಟ್ಟಿಲು ಹತ್ತಲಿಲ್ಲ. ಅಮ್ಮ ಬದುಕಿದ್ದಿದ್ದರೆ ಅಪ್ಪ ಒಳಗೆ ಬಂದು ನನ್ನ ಪಕ್ಕದಲ್ಲಿ ಕೂತು ಕೈ ಚಾಚುತ್ತಿದ್ದರು. ಅವರಿಗೆ ಸೂತಕ ಬಂದಿತ್ತು. ನನಗೆ ಬಂದಿರಲಿಲ್ಲ, ಏಕೆಂದರೆ ನನಗೆ ಯಾರೂ ಹೇಳಿರಲಿಲ್ಲ. ಊರಿನ ಹಿರಿಯರೊಬ್ಬರು ಅವರ ಪಕ್ಕದಲ್ಲಿ ನಿಂತು ನನ್ನ ಕಡೆ ನೋಡಿ, ಹೇಳು, ಹೇಳು ಎಂದು ಮೆಲ್ಲಗೆ ಕೈ ಆಡಿಸಿದರು. ಮರದ ಕೆಳಗೆ ಒಬ್ಬೊಬ್ಬರಾಗಿ ಜನ ಸೇರಿದರು. ಯಾರೂ ಮಾತಾಡಲಿಲ್ಲ, ಅಳಲಿಲ್ಲ. ಎಲ್ಲರೂ ನನ್ನನ್ನೇ ನೋಡುತ್ತಿದ್ದರು. ನಾನು ಹೇಳುತ್ತಿದ್ದೆ. ತಾಳ ಕೆಳಗಿಟ್ಟು ಎದ್ದಿದ್ದರೆ ಯಾರು ಏನು ಮಾಡುತ್ತಿದ್ದರು? ಬೈಯುತ್ತಿರಲಿಲ್ಲ, ಕೈ ಹಿಡಿದು ಎಳೆಯುತ್ತಿರಲಿಲ್ಲ. ಆದರೆ ಎದ್ದರೆ ಅಮ್ಮ ಸತ್ತಿದ್ದಾಳೆ ಎಂದಾಗುತ್ತಿತ್ತು. ಹೇಳುತ್ತಿರುವ ತನಕ ಅದು ಇನ್ನೂ ಆಗಿರಲಿಲ್ಲ. ಆ ಮಧ್ಯಾಹ್ನ ನಾನು ಭಕ್ತಿಯಿಂದ ಕೂತಿದ್ದೆ ಎಂದು ಊರಿನವರು ಈಗಲೂ ಹೇಳುತ್ತಾರೆ. ಭಕ್ತಿ ಅಲ್ಲ, ಹೆದರಿಕೆ.

ಬಿಸಿಲು ಇಳಿಯುವ ಹೊತ್ತಿಗೆ ಮುಳಬಾಗಿಲಿನವರು ಬಂದರು. ಅವರಿಗೆ ಏನೂ ಗೊತ್ತಿರಲಿಲ್ಲ. ಅವರ ಮುಂದಾಳು ದಪ್ಪನೆಯ ಮನುಷ್ಯ, ಒದ್ದೆ ಟವೆಲ್ಲಿನಿಂದ ಮುಖ ಒರೆಸಿಕೊಂಡು ನಗುತ್ತಾ ಬಂದು ಪಕ್ಕದಲ್ಲಿ ಕೂತರು. ತಡವಾದದ್ದಕ್ಕೆ ಕಣ್ಣಿನಲ್ಲೇ ಕ್ಷಮೆ ಕೇಳಿದರು. ಜೊತೆಗೆ ಹೇಳಿದರು, ಕೈ ಚಾಚಿದರು. ತಾಳ ದಾಟಿಸಿದೆ. ಆದರೂ ನನ್ನ ಕೈಗಳು ಖಾಲಿಯಾಗಿಯೇ ಇನ್ನೂ ಕೆಲವು ಪೆಟ್ಟು ತಟ್ಟುತ್ತಿದ್ದವು. ಅವರು ಅದನ್ನು ನೋಡಿ ಚೆನ್ನಾಗಿದೆ ಎಂಬಂತೆ ತಲೆಯಾಡಿಸಿದರು.

ಹೊರಗೆ ಬಂದು ಚಪ್ಪಲಿ ಹುಡುಕಿದೆ. ಸಿಗಲಿಲ್ಲ. ಹಿರಿಯರು ಅಪ್ಪನಿಗೆ, “ಈಗ ಹೇಳಪ್ಪ” ಎಂದರು. ಅಪ್ಪ, “ನಿಮ್ಮಮ್ಮ ಹೋದ್ಲು ಕಣಮ್ಮಾ” ಎಂದರು. ನಾನು ಹೂಂ ಎಂದೆ. ನನ್ನ ಚಪ್ಪಲಿ ಅವರ ಕಾಲಲ್ಲಿತ್ತು. ಹಿಮ್ಮಡಿ ಆಚೆಗೆ ಚಾಚಿಕೊಂಡಿತ್ತು. ಅದನ್ನು ನೋಡುತ್ತಾ ಮತ್ತೊಂದು ಸಲ ಹೂಂ ಎಂದೆ.

ಮನೆಯಲ್ಲಿ ಹೆಂಗಸರು ಕಾಯುತ್ತಿದ್ದರು. ಅಖಂಡ ಮುಗಿಯದ ತನಕ ದನಿ ತೆಗೆಯಬಾರದು ಎಂದು ಸೆರಗನ್ನು ಬಾಯಿಗೆ ಒತ್ತಿಕೊಂಡು ಕೂತಿದ್ದರು. ಚಿಕ್ಕಮ್ಮನ ಕಣ್ಣು ಊದಿಕೊಂಡಿತ್ತು. ನಾನು ಒಳಗೆ ಬಂದದ್ದೇ ಅವಳು ನನ್ನ ಭುಜ ಹಿಡಿದು ಅಲ್ಲಾಡಿಸಿದಳು. “ಏಡ್ಚೇಯವೇ, ಲೋಪಲ ಪೆಟ್ಟುಕೋಕು” ಎಂದಳು, ಅತ್ತುಬಿಡು, ಒಳಗೆ ಇಟ್ಟುಕೊಳ್ಳಬೇಡ ಎಂದು. ದುಃಖ ಬಂದರೆ ಅವಳಿಗೆ ಕನ್ನಡ ಬರುವುದಿಲ್ಲ. ನನಗೆ ಯಾವ ಭಾಷೆಯಲ್ಲೂ ಅಳು ಬರಲಿಲ್ಲ. ಯಂತ್ರ ಇನ್ನೂ ಗುಂಯ್ ಎನ್ನುತ್ತಿತ್ತು. ನಳಿಕೆ ಕೆಳಗೆ ಬಿದ್ದಿತ್ತು, ಗಾಳಿ ಸುಮ್ಮನೆ ನೆಲಕ್ಕೆ ಬರುತ್ತಿತ್ತು. ಅಷ್ಟು ಜನರಲ್ಲಿ ಯಾರಿಗೂ ಅದನ್ನು ಆರಿಸಬೇಕು ಎಂದು ಹೊಳೆದಿರಲಿಲ್ಲ. ನಾನು ಹೋಗಿ ಸ್ವಿಚ್ ಒತ್ತಿದೆ.

ಆಮೇಲಿನದು ಎಲ್ಲ ಮನೆಗಳಲ್ಲೂ ಆಗುವಂಥದ್ದೇ. ತಿಥಿಯ ದಿನ ಬಂದವರೆಲ್ಲ ಒಂದೇ ಮಾತು ಹೇಳಿದರು: ಮಗಳ ಬಾಯಿಂದ ನಾಮ ಕೇಳ್ತಾ ಕೇಳ್ತಾ ಹೋದ್ಲು, ಪುಣ್ಯವಂತೆ. ಮೊದಲು ಯಾರು ಹಾಗೆಂದರೋ ಗೊತ್ತಿಲ್ಲ, ಊರೆಲ್ಲ ಅದನ್ನೇ ಹೇಳಿತು. ನಾನೂ ಅದನ್ನೇ ಇಟ್ಟುಕೊಂಡೆ. ಇಟ್ಟುಕೊಳ್ಳಲು ಬೇರೆ ಏನೂ ಇರಲಿಲ್ಲ. ಶಾಲೆಗೆ ಹೋದೆ, ಪಾಠ ಮಾಡಿದೆ, ಪೇಪರು ತಿದ್ದಿದೆ. ಅಪ್ಪನನ್ನು ಮಾಲೂರಿಗೆ ಕರೆತಂದು ನಮ್ಮ ಜೊತೆ ಇಟ್ಟುಕೊಂಡೆವು. ಸ್ಟಾಫ್ ರೂಮಿನಲ್ಲಿ, ಮೇಡಂ ಬಹಳ ಗಟ್ಟಿ ಎಂದರು. ನಾನು ಗಟ್ಟಿ ಇರಲಿಲ್ಲ. ಹಲ್ಲು ಕೀಳುವ ಮೊದಲು ಸೂಜಿ ಚುಚ್ಚಿದ ಮೇಲೆ ದವಡೆ ಮುಟ್ಟಿಕೊಂಡರೆ ಅದು ಯಾರದೋ ದವಡೆ ಅನ್ನಿಸುತ್ತದಲ್ಲ, ಹಾಗಿತ್ತು. ಆ ಸೂಜಿಯ ಮದ್ದು ಸಂಜೆಗೆ ಇಳಿಯುತ್ತದೆ. ಇದು ಇಳಿಯಲಿಲ್ಲ. ಸಾವಿನ ಮನೆಗಳಿಗೆ ಹೋದರೆ ಎಲ್ಲರೂ ಅಳುವಾಗ ನಾನು ಅಡುಗೆಮನೆಗೆ ಹೋಗಿ ಕಾಫಿಗೆ ನೀರಿಡುತ್ತಿದ್ದೆ. ಅಮ್ಮನ ಸೀರೆಗಳನ್ನು ಹಂಚುವಾಗಲೂ ಯಾವ ಸೀರೆ ಯಾರಿಗೆ ಒಪ್ಪುತ್ತದೆ ಎಂದು ಸರಿಯಾಗಿ ನೋಡಿ ಕೊಟ್ಟೆ.

ಪ್ರತಿ ವರ್ಷ ಅಖಂಡದ ಮೊದಲು ಊರಿನಿಂದ ಫೋನು ಬರುತ್ತದೆ. ಅಪ್ಪ ಹೋಗುತ್ತಾರೆ. ನನ್ನನ್ನೂ ಕರೆಯುತ್ತಾರೆ, ಈಗ ಹೆಂಗಸರಿಗೂ ಒಂದು ಪಾಳಿ ಇಟ್ಟಿದ್ದಾರಂತೆ, ನನ್ನಿಂದಲೇ ಶುರುವಾದದ್ದಂತೆ. ಒಂದು ವರ್ಷ ಸನ್ಮಾನ ಮಾಡುತ್ತೇವೆ ಎಂದರು. ಶಾಲೆಯಲ್ಲಿ ಕೆಲಸವಿದೆ ಎಂದು ತಪ್ಪಿಸಿಕೊಂಡೆ.

ಈ ವರ್ಷವೂ ಫೋನು ಬಂತು. ಭಾನುವಾರದ ಬೆಳಗ್ಗೆ. ನಾನೂ ಅಪ್ಪನೂ ಮನೆಯ ಮುಂದಿನ ಜಗುಲಿಯಲ್ಲಿ ಕೂತಿದ್ದೆವು, ಕಾಫಿ ತಂದಿಟ್ಟಿದ್ದೆ. ಬರೋಕಾಗಲ್ಲ ಎಂದು ಹೇಳಿ ಫೋನು ಇಟ್ಟೆ. ಅಪ್ಪ ಎಂದೂ ಕೇಳಿರಲಿಲ್ಲ, ಅವತ್ತು ಕೇಳಿದರು.

“ಯಾಕಮ್ಮಾ ಬರಲ್ಲ ನೀನು?”

“ಆಗಲ್ಲ ಅಪ್ಪಾ.”

ಎದುರು ಮನೆಯ ಮುದುಕಿ ಆ ಕಡೆಯಿಂದ ಬಾಯಿ ಹಾಕಿದಳು: “ನಿಮ್ಮಮ್ಮ ನಿನ್ ದನಿ ಕೇಳ್ಕೊಂಡೇ ಹೋದ್ಲಲ್ಲ. ನೀನೇ ಹಿಂಗಂದ್ರೆ ಹೆಂಗೆ?” ನಮ್ಮ ಬೀದಿಯಲ್ಲಿ ಜಗುಲಿಯ ಮಾತೆಲ್ಲ ಎಲ್ಲರ ಮಾತು. ಅವಳು ಅಷ್ಟಕ್ಕೇ ನಿಲ್ಲಿಸಿ ಹಾಲಿನವನ ಹಿಂದೆ ಹೋದಳು.

ಅಪ್ಪ ಲೋಟವನ್ನು ಕೈಗೆತ್ತಿಕೊಂಡು ಮತ್ತೆ ಕೆಳಗಿಟ್ಟರು.

“ಹಂಗಲ್ಲ ಕಣಮ್ಮಾ ಅದು” ಎಂದರು.

“ಯಾವ್ದು?”

“ನಾನು ಹೋದಾಗ ಅವಳು ನನ್ನ ನೋಡಿದ್ಲು. ನನ್ ಹಿಂದೆ ನೋಡಿದ್ಲು. ಅವಳೆಲ್ಲಿ ಅಂದ್ಲು. ಹೇಳ್ತಾ ಅವ್ಳೆ, ಕೇಳಿಸ್ತಿಲ್ವಾ, ಅಂದೆ.” ಅಪ್ಪ ರಸ್ತೆಯನ್ನು ನೋಡುತ್ತಾ ಹೇಳುತ್ತಿದ್ದರು. “ಸಾಕು ಅನ್ನು, ಬರೋಕ್ಹೇಳು ಅಂದ್ಲು. ಎರಡ್ ಸಲ ಅಂದ್ಲು. ಸಾಕು ಅನ್ನು ಅವಳ್ಗೆ.”

ಎದುರಿನ ಮನೆಯ ಗೇಟು ತೆರೆದು ಮುಚ್ಚಿಕೊಂಡಿತು. ನನಗೆ ಅದು ಸರಿಯಾಗಿ ಕೇಳಿಸಿತು. ಅಪ್ಪ ಹೇಳಿದ್ದು ಸ್ವಲ್ಪ ತಡವಾಗಿ ಕೇಳಿಸಿತು.

“ನೀವು ಬಂದು ತಾಳ ಇಸ್ಕೊಂಡಿದ್ರೆ ನಾನು ಹೋಗ್ತಿದ್ದೆ” ಎಂದೆ. “ಮೂರು ಮನೆ.”

“ಹೂಂ.”

“ಭಜನೆ ನಿಂತೋಗ್ತದೆ ಅಂತಾನಾ?”

“ಅಲ್ಲ. ನಾನು ಬಂದು ಕೂತಿದ್ರೆ ಭಜನೆ ಯಾಕ್ ನಿಲ್ತದೆ? ಅದಕ್ಕಲ್ಲ.” ಅಪ್ಪ ಲೋಟವನ್ನು ಪಕ್ಕಕ್ಕೆ ಸರಿಸಿದರು. “ಅವಳು ನನ್ ಕೈ ಹಿಡ್ಕೊಂಡಿದ್ಲು. ಬಿಡಿಸ್ಕೊಂಡು ಬಂದ್ರೆ ಅಷ್ಟ್ರಲ್ಲಿ ಹೋಗ್ಬಿಡ್ತಾಳೆ ಅನ್ನಿಸ್ತು. ನನಗೆ ಏಳೋಕಾಗ್ಲಿಲ್ಲ. ನಿನ್ ಪಾಲಿನದು ನಾನೇ ಇಟ್ಕೊಂಬಿಟ್ಟೆ.”

ನನಗೆ ಸಿಟ್ಟು ಬರಬೇಕಿತ್ತು. ಬರುತ್ತದೆ ಎಂದು ಕಾಯ್ದೆ. ಇಷ್ಟು ವರ್ಷ ಊರೆಲ್ಲ ಹೇಳಿದ್ದನ್ನು ಇವರು ಸುಮ್ಮನೆ ಕೇಳುತ್ತಾ ಕೂತಿದ್ದರು, ನಾನು ಅದನ್ನೇ ನಂಬಿಕೊಂಡು ತಿರುಗಿದ್ದೆ. ಅಮ್ಮ ನನ್ನ ದನಿ ಕೇಳಿ ಸಮಾಧಾನದಿಂದ ಹೋಗಿರಲಿಲ್ಲ. ಅದನ್ನು ನಿಲ್ಲಿಸಲು ಹೇಳಿದ್ದಳು. ನನ್ನನ್ನು ಕೇಳಿದ್ದಳು, ನಾನು ಬಂದಿರಲಿಲ್ಲ. ಇಷ್ಟೆಲ್ಲ ಒಂದೊಂದಾಗಿ ತಲೆಯೊಳಗೆ ಬಂದವು. ಆದರೆ ಸಿಟ್ಟು ಬರಲಿಲ್ಲ. ಬಂದದ್ದು ಆಸೆ. ಅವರಿಗೆ ಅಮ್ಮನ ಕೈ ಸಿಕ್ಕಿತ್ತು, ನನಗೆ ಸಿಕ್ಕಿರಲಿಲ್ಲ. ಆ ಆಸೆಗೆ ಇಷ್ಟು ವರ್ಷಗಳಲ್ಲಿ ಮೊದಲನೆಯ ಸಲ ನನ್ನ ಮೈಯಲ್ಲಿ ಎಲ್ಲೋ ಒಂದು ಕಡೆ ನೋವಾಯಿತು.

“ಯಾವ ಕೈ?” ಎಂದು ಕೇಳಿದೆ.

ಅಪ್ಪನಿಗೆ ಅರ್ಥವಾಗಲಿಲ್ಲ. ಆಮೇಲೆ ಆಯಿತು. ತಮ್ಮ ಎರಡೂ ಕೈಗಳನ್ನು ನೋಡಿಕೊಂಡು, ಮಂಚದ ಯಾವ ಪಕ್ಕದಲ್ಲಿ ಕೂತಿದ್ದೆ ಎಂದು ನೆನಪಿಸಿಕೊಂಡು, ಎಡಗೈ ಮುಂದೆ ಮಾಡಿದರು. ನಾನು ಹಿಡಿದ ಮೇಲೆ ನನಗೆ ಕಣ್ಣು ಕಾಣಿಸಲಿಲ್ಲ. ನನ್ನ ಬಾಯಿಂದ ಬರುತ್ತಿದ್ದ ಸದ್ದು ಕೇಳಿ ಒಳಗಿನಿಂದ ನನ್ನ ಗಂಡ ಬಾಗಿಲಿಗೆ ಬಂದು, ನಮ್ಮನ್ನು ನೋಡಿ ಹಾಗೆಯೇ ಒಳಗೆ ಹೋದರು.

“ಕಾಫಿ ಆರ್ತಾ ಐತೆ, ಬಿಡಮ್ಮಾ” ಎಂದರು ಅಪ್ಪ.

ನಾನು ಬಿಡಲಿಲ್ಲ.